ಉಂಡ ಮನೆಯ ದಾರಿ

"ಏಳ್ಲಾ ಮ್ಯಾಕೆ! ಟ್ರ್ಯಾಕ್ಟರಿಗೆ ಯಾವನಾದ್ರೂ ಹೋಳಿಗೆ ಬಡುಸ್ತಾನೇನ್ಲಾ?"

ಸಣ್ಣೀರಪ್ಪ ನನ್ನ ನೆತ್ತಿಯ ಮೇಲೆ ನಿಂತು ಹೀಗೆ ಕೂಗಿದಾಗ ಪಂಕ್ತಿಯಲ್ಲಿ ಕೂತಿದ್ದವರ ಕೈಗಳೆಲ್ಲ ಎಲೆಗೂ ಬಾಯಿಗೂ ನಡುವೆ ನಿಂತುಬಿಟ್ಟವು. ಅವನ ಮಗ ತಿಪ್ಪೇಶನ ಮದುವೆ. ಊರಿಗೆ ಊರೇ ಅಲ್ಲಿತ್ತು, ಹೆಣ್ಣಿನ ಕಡೆಯವರು ಬೇರೆ ಎರಡು ಬಸ್ಸಿನಲ್ಲಿ ಬಂದಿಳಿದಿದ್ದರು. ಯಾರೋ ಒಬ್ಬರು ಕಿಸಕ್ಕೆಂದರು. ಒಬ್ಬರು ನಕ್ಕ ಮೇಲೆ ಉಳಿದವರಿಗೆ ಯಾರ ಅಂಜಿಕೆ? ಚಪ್ಪರದ ಗಳ ಅಲುಗುವ ಹಾಗೆ ನಕ್ಕರು.

ನನ್ನ ಎಲೆಯ ತುದಿಗೆ ಉಪ್ಪು ಬಿದ್ದಿತ್ತು, ಅದರ ಪಕ್ಕಕ್ಕೆ ಒಂದು ಚಿಟಿಕೆ ಕಾಳುಪಲ್ಯ. ನಾನು ಮುಟ್ಟಿರಲಿಲ್ಲ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಒಂದು ಕಾಳು ಮುಟ್ಟಿರಲಿಲ್ಲ. ಸುಮ್ಮನೆ ಎಲೆ ಮುಂದೆ ಕೂರಬೇಕು ಅನ್ನಿಸಿತ್ತು, ಕೂತಿದ್ದೆ. ನೀರು ಚಿಮುಕಿಸಿ ಎಲೆ ಒರೆಸಿಕೊಂಡಿದ್ದೆ. ಅಷ್ಟೇ ನನ್ನ ತಪ್ಪು.

"ತಿಂದಿದ್ದೀಯೇನ್ಲಾ? ಬಾಯಿ ತೆಗಿ. ತೆಗಿಯೋ, ನೋಡ್ತೀನಿ."

ನಾನು ಬಾಯಿ ತೆರೆದೆ. ಯಾಕೆ ತೆರೆದೆನೋ ಈಗಲೂ ಗೊತ್ತಿಲ್ಲ. ಹೆಸರು ಸಣ್ಣೀರಪ್ಪ, ಆಳು ಮಾತ್ರ ಕಣಜದ ಹಾಗಿದ್ದಾನೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ಬಗ್ಗಿ, ನನ್ನ ಗದ್ದ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಬಚಾವು, ತಿಂದಿಲ್ಲ" ಎಂದು ಜನಕ್ಕೆಲ್ಲ ಕೇಳುವಂತೆ ಸಾರಿದ. ಹೆಣ್ಣಿನ ಕಡೆಯ ಹುಡುಗಿಯರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ನಾನು ಎದ್ದು, ಚಪ್ಪಲಿ ಹುಡುಕಿಕೊಂಡು, ಮೂರು ದಿನ ಹಗಲೆಲ್ಲ ನಾನೇ ತೆಗೆದಿದ್ದ ಅವನ ಮನೆದಾರಿಯಲ್ಲಿ ನಡೆದು ರೋಡಿಗೆ ಬಂದೆ. ಸಾವಿರದ ಮುನ್ನೂರು ಹೆಜ್ಜೆ. ಅಷ್ಟು ಉದ್ದದ ಮನೆದಾರಿ ನಮ್ಮೂರಲ್ಲಿ ಇನ್ನೊಂದಿಲ್ಲ.

ನಮ್ಮೂರಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಪ್ರತಿ ಮನೆಯೂ ಅದರದರ ಹೊಲದ ನಡುವೆ ದೂರ ಸರಿದು ಕೂತಿದೆ. ಗೇಟಿನಿಂದ ಬಾಗಿಲವರೆಗೆ ಒಂದೊಂದು ಮನೆಗೂ ಒಂದೊಂದು ಮನೆದಾರಿ. ಚಳಿಗಾಲದ ಮೂರು ತಿಂಗಳು ಹಿಮ ಬೀಳುತ್ತದೆ. ನಾವು ಅದಕ್ಕೆ ಹಿಮ ಅನ್ನುವುದಿಲ್ಲ, ಬಿಳಿ ಅನ್ನುತ್ತೇವೆ. ಬಿಳಿ ಬಿತ್ತು, ಬಿಳಿ ತೆಗೀಬೇಕು, ಹೀಗೆ. ರೋಡಿನ ಬಿಳಿಯನ್ನು ಸರ್ಕಾರದ ದೊಡ್ಡ ಮಶೀನು ಬಂದು ತಳ್ಳಿಕೊಂಡು ಹೋಗುತ್ತದೆ. ಮನೆದಾರಿಯ ಬಿಳಿಯನ್ನು ಟ್ರ್ಯಾಕ್ಟರಿನಲ್ಲಿ ತಳ್ಳುವುದು ನನ್ನ ಪಾಲು. ಯಾಕೆಂದರೆ ಒಂದು ಮನೆಯ ಒಲೆಯಲ್ಲಿ ಬೆಂದದ್ದನ್ನು ಒಂದೇ ಒಂದು ತುತ್ತು ಉಂಡವನಿಂದಲೂ ಆ ಮನೆಯ ದಾರಿ ತೆಗೆಯಲು ಆಗುವುದಿಲ್ಲ. ಸನಿಕೆಯಲ್ಲಿ ಎತ್ತಿ ಪಕ್ಕಕ್ಕೆ ಹಾಕಿ ತಿರುಗಿ ನೋಡಿದರೆ ಮತ್ತೆ ಅಷ್ಟೇ ಬಿಳಿ, ಅಷ್ಟೇ ಎತ್ತರಕ್ಕೆ, ನಾಯಿಯ ಹೆಜ್ಜೆಯೂ ಇಲ್ಲದ ಹಾಗೆ ಕೂತಿರುತ್ತದೆ. ಮನೆಯವರಿಗೂ ಅಷ್ಟೇ, ನೆಂಟರಿಗೂ ಅಷ್ಟೇ, ಹತ್ತು ವರ್ಷದ ಕೆಳಗೆ ನಾಮಕರಣದಲ್ಲಿ ಪಾಯಸ ಕುಡಿದು ಹೋದವನಿಗೂ ಅಷ್ಟೇ. ನಮ್ಮೂರಲ್ಲಿ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣದವರು ಯಾರಿದ್ದಾರೆ? ಅದಕ್ಕೇ ಎಲ್ಲರೂ ಸೇರಿ ಯಾರ ಮನೆಯಲ್ಲೂ ಉಣ್ಣದ ಒಬ್ಬನನ್ನು ಇಟ್ಟುಕೊಂಡಿರುತ್ತಾರೆ. ಆ ಒಬ್ಬ ನಾನು, ಮೂಡ್ಲಗಿರಿ.

ನನ್ನಪ್ಪ ರೋಡು ಹಾಕಲು ಬಂದ ಗ್ಯಾಂಗಿನಲ್ಲಿ ರೋಲರ್ ಓಡಿಸುತ್ತಿದ್ದವನು. ಗ್ಯಾಂಗು ಮುಂದಕ್ಕೆ ಹೋಯಿತು, ಅಪ್ಪ ಇಲ್ಲಿಯೇ ಮಣ್ಣಾದ. ನಾನು ಆಗ ಏಳನೇ ಕ್ಲಾಸು. ಲೆಕ್ಕದಲ್ಲಿ ನನ್ನನ್ನು ಮೀರಿಸಿದವರು ಯಾರೂ ಇರಲಿಲ್ಲ. ಅದೇ ವರ್ಷ ಶಾಲೆಯಲ್ಲಿ ಮಧ್ಯಾಹ್ನದ ಊಟ ಶುರುವಾಯಿತು. ಶಾಲೆಗೂ ಒಂದು ದಾರಿ ಇತ್ತಲ್ಲ. ಊರಲ್ಲಿ ಇನ್ನೂ ಯಾರ ಮನೆಯಲ್ಲೂ ಉಣ್ಣದ ಈ ಹುಡುಗ ಅಲ್ಲಿ ಉಂಡರೆ ಮುಂದೆ ಶಾಲೆಯ ದಾರಿ ತೆಗೆಯುವವರು ಯಾರು ಎಂದು ದೊಡ್ಡವರು ಕೂತು ಮಾತಾಡಿದರು. ಉಣ್ಣದೆ ಕೂತು ಓದಲಿ ಎಂದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಹಸಿದ ಹುಡುಗನನ್ನು ಊಟದ ವಾಸನೆಯಲ್ಲಿ ಕೂರಿಸುವುದು ಪಾಪ ಅನ್ನಿಸಿತೋ, ಅಂತೂ ನನ್ನ ಶಾಲೆ ಬಿಡಿಸಿದರು. ಆಗಿನ ಟ್ರ್ಯಾಕ್ಟರಿನವನು ಕಾಟಯ್ಯ. ಅವನ ಕೈಕೆಳಗೆ ಬಿಟ್ಟರು. ಅವನ ಮಂಡಿ ಹೋದ ಮೇಲೆ ನನಗೇ ಸ್ಟೇರಿಂಗು ಕೊಟ್ಟರು. ಕಾಟಯ್ಯ ಕೆಲಸ ಬಿಟ್ಟ ಮರುದಿನದಿಂದ ನಲವತ್ತೊಂದು ಮನೆಗೆ ನಲವತ್ತೊಂದು ದಿನ ಊಟಕ್ಕೆ ಹೋದ. ಪ್ರತಿ ಮನೆಯಲ್ಲೂ ಅತ್ತನಂತೆ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಊರಿನವರು ಕೆಟ್ಟವರಲ್ಲ. ರಾಗಿ, ಹುರುಳಿ, ಎಣ್ಣೆ, ಉಪ್ಪು, ಎಲ್ಲ ಕೊಡುತ್ತಾರೆ. ಬೇಯಿಸದೆ ಕೊಡುತ್ತಾರೆ. ನನ್ನ ಟ್ರ್ಯಾಕ್ಟರು ಗೇಟು ದಾಟಿದ ಸದ್ದು ಕೇಳಿದರೆ ಸಾಕು, ಹೆಂಗಸರು ಎದ್ದು ಅಡುಗೆಮನೆಯ ಬಾಗಿಲು ಕಿಟಕಿ ಮುಚ್ಚುತ್ತಾರೆ. ಒಗ್ಗರಣೆಯ ಘಾಟು ನನ್ನ ಮೂಗಿಗೆ ಬಡಿಯಬಾರದು ಎಂದು. ಅದು ನಮ್ಮೂರಿನ ಮರ್ಯಾದೆ. ನಲವತ್ತೊಂದು ಮನೆಯಲ್ಲಿ ನಾನು ಕಂಡದ್ದು ನಲವತ್ತೊಂದು ಮುಚ್ಚಿದ ಕಿಟಕಿ. ಒಳ್ಳೆಯವರು ನನ್ನ ಮುಖಕ್ಕೆ ಕಿಟಕಿ ಮುಚ್ಚುವಾಗ ಯಾರ ಮೇಲೆ ಸಿಟ್ಟು ಮಾಡಲಿ ಹೇಳಿ. ಆದರೂ ಸಿಟ್ಟು ಬರುತ್ತಿತ್ತು. ಬೆಳಗ್ಗೆ ಎಂಜಿನ್ನಿಗೆ ಬಿಸಿನೀರು ಹುಯ್ಯುವಾಗಲೂ ಬರುತ್ತಿತ್ತು, ಸಂಜೆ ಚಕ್ರದ ಚೈನು ಬಿಚ್ಚುವಾಗಲೂ ಬರುತ್ತಿತ್ತು.

ನನಗೆ ಬೇಯಿಸಿದ್ದನ್ನು ಕೊಡುತ್ತಿದ್ದವಳು ಒಬ್ಬಳೇ, ತಿರುಮಕ್ಕ. ಗಿರಣಿಯಲ್ಲಿ ಚೀಲ ಹೊಲಿಯುತ್ತಾಳೆ. ಗಂಡ ಸತ್ತು ಹದಿನಾರು ವರ್ಷವಾಯಿತು. ಅವಳ ಮನೆ ರೋಡಿಗೇ ಬಾಗಿಲು, ಮನೆದಾರಿ ಅಂತ ಇಲ್ಲ, ಆದ್ದರಿಂದ ಅವಳ ಕೈಯಲ್ಲಿ ಉಂಡರೆ ಯಾರಿಗೂ ನಷ್ಟವಿಲ್ಲ. ವಾರಕ್ಕೊಮ್ಮೆ ಹದಿನೈದು ದಿನಕ್ಕೊಮ್ಮೆ ನನ್ನ ಕೋಣೆಯ ಹೊಸಿಲ ಮೇಲೆ ತಪ್ಪಲೆ ಇಟ್ಟು ಹೋಗುವಳು. ಕರೆಯುವುದಿಲ್ಲ, ಕೂಗುವುದಿಲ್ಲ. ನಾನೂ ತೊಳೆದು ಅವಳ ಮೆಟ್ಟಿಲ ಮೇಲಿಟ್ಟು ಬರುವವನು. ಆ ಭಾನುವಾರ, ಮದುವೆಯ ಚಪ್ಪರದಿಂದ ಎದ್ದು ಬಂದವನು ಎಲ್ಲೆಲ್ಲೋ ತಿರುಗಿ ಸಂಜೆ ಕೋಣೆಗೆ ಬಂದರೆ ಹೊಸಿಲ ಮೇಲೆ ತಪ್ಪಲೆ. ಎರಡು ರಾಗಿಮುದ್ದೆ, ಹುರುಳಿ ಸಾರು. ಇನ್ನೂ ಬಿಸಿ ಇತ್ತು. ವಿಷಯ ಆಗಲೇ ಇವಳ ಕಿವಿಗೂ ಬಿದ್ದಿದೆ ಎಂದು ನಾಚಿಕೆಯಾಯಿತು. ನಾಚಿಕೆಯಲ್ಲೇ ಎರಡೂ ಮುದ್ದೆ ನುಂಗಿದೆ. ಸಾರಿಗೆ ಉಪ್ಪು ಒಂದು ಕಲ್ಲು ಜಾಸ್ತಿಯಾಗಿತ್ತು. ತಪ್ಪಲೆ ತಿರುವಿ ಕೊನೆಯ ತೊಟ್ಟನ್ನೂ ಕುಡಿದೆ.

ಬುಧವಾರ ಬಿಳಿ ಬಿತ್ತು. ಅಂಥ ಬಿಳಿಯನ್ನು ನಾನು ಕಂಡಿರಲಿಲ್ಲ, ಎದೆಮಟ್ಟ. ದಾರಿಯ ಅಂಚು ಗೊತ್ತಾಗಲೆಂದು ನೆಟ್ಟ ಕೋಲುಗಳ ತುದಿಯ ಬಟ್ಟೆ ಮಾತ್ರ ಕಾಣುತ್ತಿತ್ತು. ನಾನು ಮೇಲಿನ ಮನೆಯಿಂದ ಶುರುಮಾಡಿ ಒಂದೊಂದೇ ದಾರಿ ಬಿಡಿಸುತ್ತ ಬಂದೆ. ಮುಂದೆ ಕಟ್ಟಿದ ಕಬ್ಬಿಣದ ಹಲಗೆಯನ್ನು ಸ್ವಲ್ಪ ಬಲಕ್ಕೆ ಓರೆಮಾಡಿ, ದನದ ಕೊಟ್ಟಿಗೆಯ ಕಡೆಗೆ ರಾಶಿ ಬೀಳದಂತೆ, ಅಂಗಳದಲ್ಲಿ ಗಾಡಿ ತಿರುಗುವಷ್ಟು ಜಾಗ ಬಿಟ್ಟು, ಕಾಟಯ್ಯ ಕಲಿಸಿದ ಹಾಗೆ. ಸಣ್ಣೀರಪ್ಪನ ಗೇಟಿನ ಮುಂದೆ ಬಂದಾಗ ಲಿವರು ಎಳೆದು ಹಲಗೆ ಎತ್ತಿದೆ, ಎತ್ತಿಕೊಂಡೇ ಮುಂದಿನ ಮನೆಗೆ ಹೋದೆ. ಗುರುವಾರವೂ ಹಾಗೇ ಮಾಡಿದೆ. ಊರಿಗೆಲ್ಲ ಗೊತ್ತಾಯಿತು.

ಗುರುವಾರ ಮಧ್ಯಾಹ್ನ ತಿಪ್ಪೇಶ ಬಂದ. ಹೊಸ ಮದುವಣಿಗ, ಎದೆಯವರೆಗೆ ಒದ್ದೆ, ಹಲ್ಲು ಕಟಕಟ ಅನ್ನುತ್ತಿದ್ದವು.

"ನಮ್ಮಪ್ಪನ ಬಾಯಿ ಕೆಟ್ಟದ್ದು ಕಣೋ ಮೂಡ್ಲ. ಮನ್ಸು ಹಂಗಲ್ಲ."

"ಅವತ್ತು ಬಾಯಿನೇ ತಾನೆ ನೋಡಿದ್ದು, ಮನ್ಸು ಯಾರು ನೋಡಿದ್ರು?"

"ದನಕ್ಕೆ ಮೇವು ತರಂಗಿಲ್ಲ ಕಣೋ. ನಮ್ಮಾವನ ಮನೆಯೋರು ಮಗಳನ್ನ ನೋಡಕ್ಕೆ ಬರ್ತೀವಿ ಅಂದೋರು ರೋಡಿಂದ್ಲೇ ವಾಪಸ್ ಹೋದ್ರು. ನಾನು ಕೈ ಮುಗೀತೀನಿ."

"ನೀನ್ಯಾಕೆ ಮುಗೀತೀಯ? ನಿಮ್ಮಪ್ಪ ಗೇಟಿಗೆ ಬರ್ಲಿ. ಜನದ ಮುಂದೆ ಬಾಯಿ ತೆಗೀಲಿ. ನಾನೂ ಒಂದ್ಸಲ ಬಗ್ಗಿ ನೋಡ್ತೀನಿ, ಒಳಗೆ ಏನೈತೆ ಅಂತ. ಆಮೇಲೆ ತೆಗೀತೀನಿ ದಾರಿ."

ಅವನು ನನ್ನನ್ನೇ ನೋಡಿದ. ಆಮೇಲೆ ತಾನು ಬಂದ ಗುಂಡಿಗಳಲ್ಲೇ ಕಾಲಿಡುತ್ತ ಹೋದ. ಅಷ್ಟು ಹೇಳಿದ ಮೇಲೆ ನನಗೆ ಒಳಗೆಲ್ಲ ತಂಪಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಶುಕ್ರವಾರವೂ ಹಲಗೆ ಎತ್ತಿಕೊಂಡು ಹೋದೆ.

ಶನಿವಾರ ಬೆಳಗ್ಗೆ ಚೈನು ಬಿಗಿಯುತ್ತಿದ್ದಾಗ ತಿಪ್ಪೇಶ ಮತ್ತೆ ಬಂದ. ಈ ಸಲ ಮೈಯೆಲ್ಲ ಒದ್ದೆ, ಮುಖವೂ ಒದ್ದೆ.

"ಅವ್ವ ಅಟ್ಟದ ಏಣಿಯಿಂದ ಬಿದ್ಲು. ತೊಡೆ ಮುರಿದೈತೆ. ಪಾದ ಆ ಕಡೆ ತಿರುಗ್ಬಿಟ್ಟೈತೆ ಮೂಡ್ಲ. ಮುಟ್ಟಕ್ಕೆ ಬಿಡ್ತಿಲ್ಲ, ಕಿರುಚ್ತಾಳೆ. ಮಂಚದ ಸಮೇತ ಎತ್ಕೊಂಡು ಹೊರಟ್ವಿ, ಇಪ್ಪತ್ತು ಹೆಜ್ಜೆಗೇ ಹೊತ್ತೋರೆಲ್ಲ ಎದೆಮಟ್ಟ ಹೂತ್ಕೊಂಡ್ರು. ವಾಪಸ್ ಒಳಕ್ಕೆ ಹಾಕಿದೀವಿ."

ಅವನ ಅವ್ವ ಓಬಳಮ್ಮ. ಸಣ್ಣಗೆ ಗುಬ್ಬಿಯ ಹಾಗಿರುವ ಹೆಂಗಸು. ಮಾತು ಕಡಿಮೆ. ನಾನು ಅವಳನ್ನು ನೆಟ್ಟಗೆ ನೋಡಿದ್ದೇ ಇಲ್ಲ, ಕಿಟಕಿ ಮುಚ್ಚುವ ಎರಡು ಕೈಯನ್ನು ನೋಡಿದ್ದೇನೆ ಅಷ್ಟೇ. ಚೈನು ಅರ್ಧ ಬಿಗಿದದ್ದನ್ನು ಹಾಗೇ ಕೊಕ್ಕೆ ಹಾಕಿ, ಸ್ಟಾರ್ಟ್ ಮಾಡಿ, ಹೊರಟೆ.

ಗೇಟಿನ ಹತ್ತಿರ ಆಗಲೇ ಜನ ಸೇರಿತ್ತು. ಆಸ್ಪತ್ರೆಗೆ ಒಯ್ಯಲು ಗಿರಣಿಯ ಟೆಂಪೋ ರೋಡಿನಲ್ಲಿ ಹಾಸಿಗೆ ಹಾಸಿಕೊಂಡು ನಿಂತಿತ್ತು. ಎಂಟು ಜನ ಸನಿಕೆ ಹಿಡಿದು ಎತ್ತುತ್ತಿದ್ದರು, ಎತ್ತಿದ್ದು ಎತ್ತಿದಂತೆಯೇ ತುಂಬಿಕೊಳ್ಳುತ್ತಿತ್ತು. ಎಂಟು ಜನವೂ ಭಾನುವಾರ ಅಲ್ಲಿ ಹೋಳಿಗೆ ಉಂಡವರೇ. ಅದು ಗೊತ್ತಿದ್ದೂ ಎತ್ತುತ್ತಿದ್ದರು. ಸಣ್ಣೀರಪ್ಪ ಗೇಟಿನ ಕಲ್ಲು ಹಿಡಿದು ನಿಂತಿದ್ದ. ಟ್ರ್ಯಾಕ್ಟರು ಕಂಡವನೇ ಮುಂದಕ್ಕೆ ಬಂದು ಹಲಗೆಯ ಎದುರಿಗೆ ನಿಂತ. ಬ್ರೇಕು ಹಾಕಿದೆ. ಅವನು ನನ್ನ ಕಡೆ ಮುಖ ಎತ್ತಿದ. ಬಾಯಿ ತೆರೆದ. ಊರಿನವರೆಲ್ಲ ನೋಡುತ್ತಿದ್ದಾರೆ, ಅವನು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದುಕೊಂಡು ನಿಂತಿದ್ದಾನೆ. ಎರಡು ದವಡೆಹಲ್ಲು ಇರಲಿಲ್ಲ. ನಾಲಿಗೆ ನಡುಗುತ್ತಿತ್ತು.

ಬೇಕು ಎಂದು ಕೇಳಿದ್ದೇ ನಾನು. ಆದರೆ ಅದನ್ನು ನೋಡಲು ನನ್ನಿಂದ ಆಗಲಿಲ್ಲ. "ಸರೀರಿ ಆ ಕಡೆ" ಎಂದೆ. "ಹೊತ್ತಾಗ್ತೈತೆ, ಸರೀರಿ."

ಹಲಗೆ ಇಳಿಸಿ ಗೇಟಿನೊಳಗೆ ನುಗ್ಗಿದೆ. ಬಿಳಿ ಎರಡು ಕಡೆಗೂ ಮಗುಚಿಕೊಂಡು ಬಿತ್ತು. ಎಂಜಿನ್ನು ಏದುಸಿರು ಬಿಡುತ್ತಿತ್ತು, ಒಂದನೇ ಗೇರಿನಲ್ಲೇ ಒತ್ತಿಕೊಂಡು ಹೋದೆ. ಹತ್ತು ಮಾರು ಹೋಗಿರಬೇಕು. ಹಿಂದೆ ಜನರ ಗಲಾಟೆ ಥಟ್ಟನೆ ನಿಂತುಹೋಯಿತು. ತಿರುಗಿ ನೋಡಿದೆ. ದಾರಿ ಇರಲಿಲ್ಲ. ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡ ಹಾಗೆ ಎದೆಮಟ್ಟದ ಬಿಳಿ, ಅದರಾಚೆ ಗೇಟು, ಗೇಟಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತ ಜನ.

ಮೊದಲು ಮಾತಾಡಿದವನು ಯಾರೋ ಗೊತ್ತಿಲ್ಲ. "ಉಂಡವ್ನೆ ಕಣ್ರೋ" ಎಂದ. ಆಮೇಲೆ ಎಲ್ಲರೂ ಶುರುಮಾಡಿದರು.

"ಅವತ್ತು ಕೂತಿದ್ನಲ್ಲ, ಯಾವಾಗ್ಲೋ ಬಾಯಿಗೆ ಹಾಕ್ಕೊಂಡವ್ನೆ."

"ಬಾಯಿ ನೋಡಿದ್ರಲ್ಲಪ್ಪ ಇವ್ರು."

"ಬಾಯಿ ನೋಡಿದ್ರು, ಹೊಟ್ಟೆ ನೋಡಿದ್ರಾ? ಹಿತ್ಲ ಕಡೆ ಹೋಗಿ ಕದ್ದು ತಿಂದವ್ನೆ. ಕಳ್ಳ ನನ್ಮಗ."

ನಾನು ಸೀಟಿನ ಮೇಲೆ ಎದ್ದು ನಿಂತು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ತಿಂದಿಲ್ಲ, ತಿಂದಿಲ್ಲ ಎಂದು ಕೂಗಿರಬೇಕು. ಬಿಳಿ ಮಾತ್ರ ನನ್ನ ಹಿಂದೆ ನೆಟ್ಟಗೆ ನಿಂತಿತ್ತು. ನನಗೇ ನನ್ನ ಮೇಲೆ ಅನುಮಾನ ಬಂತು. ಆ ಪಲ್ಯದ ಒಂದು ಕಾಳೇನಾದರೂ ಗೊತ್ತಿಲ್ಲದೆ ಬೆರಳಿಗೆ ಹತ್ತಿತ್ತೇ? ಜನರು ಹಗ್ಗ ಹಾಕಿ ಟ್ರ್ಯಾಕ್ಟರನ್ನು ಹಿಂದಕ್ಕೆ ಎಳೆದರು. ಗೇಟಿಗೆ ಬಂದು ಇಳಿದಾಗ ನನ್ನ ಪಕ್ಕ ನಿಲ್ಲಲೂ ಯಾರಿಗೂ ಮನಸ್ಸಿರಲಿಲ್ಲ, ತಿರುಮಕ್ಕನೊಬ್ಬಳನ್ನು ಬಿಟ್ಟು. ಅವಳು ಚೀಲ ಹೊಲಿಯುವ ದಬ್ಬಣವನ್ನು ಜಡೆಗೆ ಸಿಕ್ಕಿಸಿಕೊಂಡು ಗಿರಣಿಯಿಂದ ಹಾಗೇ ಬಂದಿದ್ದಳು.

"ನಿಜ ಹೇಳೋ. ಎಲ್ಲಿ ಉಂಡೆ?"

"ಎಲ್ಲೂ ಇಲ್ಲ ಕಣಕ್ಕ. ಅವತ್ತು ಹಸ್ಕೊಂಡು ಬಂದೋನು ಸಂಜೆ ನಿನ್ನ ಮುದ್ದೆ ಉಂಡು ಮಲಗಿದ್ದು. ಆಣೆ."

"ನನ್ನ ಮುದ್ದೆ ಯಾವ್ದೋ?"

"ಭಾನುವಾರ. ತಪ್ಲೆಲಿ ಇಟ್ಟಿದ್ದೆಯಲ್ಲ, ಹುರುಳಿ ಸಾರು."

"ಭಾನುವಾರ ನಾನು ಊರಲ್ಲೇ ಇರ್ಲಿಲ್ವಲ್ಲೋ, ತಂಗಿ ಮನೆಗೆ ಹೋಗಿದ್ದೆ." ಅವಳು ಹುಬ್ಬು ಗಂಟಿಕ್ಕಿದಳು. "ಅಲ್ಲ, ಮೆಟ್ಲ ಮೇಲೆ ಯಾವ್ದೋ ತಪ್ಲೆ ಇತ್ತು. ನಿಂದೇ ಇರ್ಬೇಕು, ನಂಗೆ ಯಾಕೆ ಕೊಟ್ಟ ಅಂದ್ಕೊಂಡು ಅದ್ರಲ್ಲಿ ಚೀಲಕ್ಕೆ ಅಂಟು ಕಾಯಿಸ್ತಾ ಇದೀನಿ. ಈಗ್ತಾನೆ ಇಳಿಸಿ ಬಂದೆ."

ಓಡಿಹೋಗಿ ತಂದಳು. ಅಂಟು ಮೆತ್ತಿಕೊಂಡಿತ್ತು. ತಿರುಗಿಸಿ ಬಿಳಿಯಲ್ಲಿ ಉಜ್ಜಿದಳು. ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ ಅಕ್ಷರ. ಅವಳಿಗೆ ಓದಲು ಬಾರದು, ನನ್ನ ಕೈಗೆ ಕೊಟ್ಟಳು. ಸಣ್ಣೀರಪ್ಪನ ಹೆಸರೂ ಅವನ ಅಪ್ಪನ ಹೆಸರೂ ಇತ್ತು. ನಾನು ಜೋರಾಗಿ ಓದಿದೆ. ಏಳನೇ ಕ್ಲಾಸಿನಲ್ಲಿ ಎದ್ದು ನಿಂತು ಓದುತ್ತಿದ್ದ ಹಾಗೆ.

ಸಣ್ಣೀರಪ್ಪ ತಪ್ಪಲೆ ಕಸಿದುಕೊಂಡು ನೋಡಿದ. ಮುಖ ಬಿಳಿಚಿತು. "ಇದು ನನ್ನ ಹೆಂಡ್ತಿ ತಪ್ಲೆ" ಎಂದ. "ಅವತ್ತು ಬೀಗರನ್ನ ಬಸ್ ಹತ್ತಿಸ್ತೀನಿ ಅಂತ ರೋಡಿಗೆ ಬಂದಿದ್ಲು. ಸೆರಗೊಳಗೆ ಏನೋ ಇಟ್ಕೊಂಡಿದ್ಲು. ಎಲೆ ಅಡಕೆ ಅಂದ್ಕೊಂಡೆ ನಾನು."

ಅಷ್ಟು ದೊಡ್ಡ ಮದುವೆಯ ಅಡುಗೆ ಬಿಟ್ಟು ಆ ಹೆಂಗಸು ಬೇರೆಯಾಗಿ ಮುದ್ದೆ ತೊಳಸಿ, ತಿರುಮಕ್ಕನ ಮನೆಯದು ಅನ್ನಿಸಲೆಂದು ಹುರುಳಿ ಸಾರು ಮಾಡಿ, ತಂದಿಟ್ಟು ಹೋಗಿದ್ದಳು. ಅದನ್ನು ಉಂಡ ನಾನು ಅವಳ ಮನೆಯವನಾಗಿದ್ದೆ. ಹೆಂಡತಿ ಮಾಡಿದ್ದನ್ನು ಕೇಳಿ ಸಣ್ಣೀರಪ್ಪ ಗುಡುಗುತ್ತಾನೆ ಎಂದುಕೊಂಡೆವು. ಅವನು ತಪ್ಪಲೆಯನ್ನು ಎದೆಗೆ ಒತ್ತಿಕೊಂಡು, "ಇನ್ನ್ಯಾರವ್ರೆ? ನಮ್ಮನೇಲಿ ಉಣ್ಣದೋರು ಯಾರಾದ್ರೂ ಇದ್ದೀರೇನ್ರಪ್ಪ?" ಎಂದು ಒಬ್ಬೊಬ್ಬರ ಮುಖ ನೋಡುತ್ತ ಬಂದ. ಒಬ್ಬೊಬ್ಬರೂ ತಲೆ ತಗ್ಗಿಸಿದರು. ಉಂಡದ್ದಕ್ಕೆ ನಮ್ಮೂರಲ್ಲಿ ಜನ ನಾಚಿದ್ದು ಅದೇ ಮೊದಲು.

"ನಾನು ಉಂಡಿಲ್ಲ" ಎಂದಳು ತಿರುಮಕ್ಕ.

ಎಲ್ಲರೂ ಅವಳ ಕಡೆ ತಿರುಗಿದರು.

"ಗಂಡ ಸತ್ತ ವರ್ಷ ನಿಮ್ಮ ಮಗಳ ಸೀಮಂತಕ್ಕೆ ಬಂದಿದ್ದೆ. ಮುಂಡೆ ಮುಂದಿನ ಸಾಲಲ್ಲಿ ಯಾಕೆ, ಹಿಂದಕ್ಕೆ ಹೋಗು ಅಂದ್ರಿ. ನೀವೇ ಅಂದದ್ದು. ಹಿಂದಕ್ಕೆ ಹೋಗ್ಲಿಲ್ಲ, ಸೀದಾ ಮನೆಗೆ ಹೋದೆ. ಅವತ್ತಿಂದ ನಿಮ್ಮನೆ ನೀರೂ ಮುಟ್ಟಿಲ್ಲ. ಅದಕ್ಕೆ ಮುಂಚೆ ಕರೆದೋರೇ ಇರ್ಲಿಲ್ಲ."

ಸಣ್ಣೀರಪ್ಪ ಅವಳ ಕಾಲಿಗೆ ಬೀಳಲು ಬಗ್ಗಿದ. ಅವಳು ಹಿಂದಕ್ಕೆ ನೆಗೆದಳು. "ಅಯ್ಯ, ಏಳಿ ಮೇಲೆ! ನಿಮ್ಮನ್ನ ಎತ್ತಕ್ಕೆ ಇನ್ನೊಂದು ಟ್ರ್ಯಾಕ್ಟರ್ ತರ್ಬೇಕಾಗ್ತೈತೆ. ನಿಮಗೋಸ್ಕರ ಅಲ್ಲ, ಆ ಓಬಳಮ್ಮನಿಗೆ." ಎಂದವಳೇ ನನ್ನ ಕಡೆ ತಿರುಗಿ, "ಎಲ್ಲಿ ಕೂರ್ಬೇಕೋ? ಹೆಂಗೆ ಓಡಿಸ್ಬೇಕು ಹೇಳು. ಹೊಲಿಗೆ ಮಶೀನು ತುಳಿದಿದ್ದೀನಿ, ಇದೇನು ಬ್ರಹ್ಮವಿದ್ಯೆನಾ?"

ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ ಹತ್ತಿಸಿದೆ. ಎಡಗಾಲಿಗೆ ಕ್ಲಚ್ಚು, ಬಲಗಾಲಿಗೆ ಬ್ರೇಕು, ಈ ಲಿವರು ಹಲಗೆಗೆ, ನೂಕಿದರೆ ಇಳಿಯುತ್ತೆ ಎಳೆದರೆ ಏಳುತ್ತೆ. ಎರಡು ಸಲ ಎಂಜಿನ್ನು ಆಫ್ ಆಯಿತು. ಮೂರನೇ ಸಲ ಟ್ರ್ಯಾಕ್ಟರು ಕುದುರೆಯ ಹಾಗೆ ಕುಪ್ಪಳಿಸಿ, ಗೇಟಿನ ಒಂದು ಕಲ್ಲುಕಂಬವನ್ನು ಬುಡಸಮೇತ ಕಿತ್ತುಕೊಂಡು ಒಳಗೆ ಹೋಯಿತು.

"ಹೋಗ್ಲಿ ಬಿಡಿ, ಕಂಬ ಹೋಗ್ಲಿ" ಎಂದು ಸಣ್ಣೀರಪ್ಪ ಕೂಗಿದ.

"ನಿಮ್ಮನ್ನ ಕೇಳ್ದೋರು ಯಾರು?" ಎಂದಳು ತಿರುಮಕ್ಕ, ತಿರುಗಿ ನೋಡದೆ.

ನಾನು ತಿರುಗಿ ನೋಡಿದೆ. ಅವಳ ಹಿಂದೆ ದಾರಿ ಕರ್ರಗೆ, ಒದ್ದೆಯಾಗಿ, ತೆರೆದು ಬಿದ್ದಿತ್ತು. ಮುಚ್ಚಿಕೊಳ್ಳಲಿಲ್ಲ. ಟೆಂಪೋ ನಿಧಾನಕ್ಕೆ ಅದರೊಳಗೆ ಇಳಿಯಿತು.

ನಾನು ಪಕ್ಕದಲ್ಲಿ ಬಿಳಿಯೊಳಗೆ ಎದ್ದು ಬಿದ್ದು ಬರುತ್ತಿದ್ದೆ. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಕ್ಲಚ್ಚು ಒತ್ತು, ಈಗ ಬಿಡು, ಬಲಕ್ಕೆ ತಿರುಗಿಸು, ಅಯ್ಯೋ ಬಲಕ್ಕೆ ಕಣಕ್ಕ, ನೀನು ಉಣ್ಣೋ ಕೈ ಯಾವ್ದು, ಆ ಕಡೆ! ಬಾವಿಯ ತಿರುವಿನಲ್ಲಿ ಅಂಚಿನ ಕೋಲು ತಪ್ಪಿ ಮುಂದಿನ ಚಕ್ರ ಇಳಿಜಾರಿಗೆ ಜಾರಿತು. ಯೋಚಿಸಲು ಪುರುಸೊತ್ತಿರಲಿಲ್ಲ. ಮಡ್‌ಗಾರ್ಡಿನ ಮೇಲೆ ನೆಗೆದು ಸ್ಟೇರಿಂಗು ಹಿಡಿದು ಎಳೆದೆ. ಟ್ರ್ಯಾಕ್ಟರು ದಾರಿಗೆ ಬಂತು. ಆದರೆ ನನ್ನ ಕೈ ಮುಟ್ಟಿದ ಅಷ್ಟು ಹೊತ್ತು ಬಿಡಿಸಿದ್ದ ಎರಡು ಮಾರು ದಾರಿ, ಟೆಂಪೋದ ಮೂತಿಯ ಮುಂದೆಯೇ, ಮತ್ತೆ ತುಂಬಿಕೊಂಡಿತು. ತಿರುಮಕ್ಕ ನನ್ನ ಕೈಗೆ ಫಟಾರನೆ ಬಾರಿಸಿದಳು.

"ಕೈ ತೆಗಿಯೋ! ಆ ಮನೆ ಮಗ ನೀನು, ಸುಮ್ನೆ ಪಕ್ಕದಲ್ಲಿ ನಡಿ!"

ಗಾಡಿ ಹಿಂದಕ್ಕೆ ತೆಗೆದು ಆ ಎರಡು ಮಾರನ್ನು ಮತ್ತೆ ಬಿಡಿಸಿದಳು. ಆಮೇಲೆ ನಾನು ಎರಡೂ ಕೈಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದೆ. ಅವಳು ಹೇಳಿದ ಮಾತು ಬೈಗುಳವೋ ಏನೋ ಎಂದು ಯೋಚಿಸುತ್ತ ನಡೆದೆ.

ಅಂಗಳ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಓಬಳಮ್ಮನನ್ನು ಮಂಚದ ಸಮೇತ ಹೊರಗೆ ತಂದರು. ಕಾಲಿಗೆ ಎರಡು ಹಲಗೆತುಂಡು ಇಟ್ಟು ಪಂಚೆ ಸುತ್ತಿದ್ದರು. ಮುಖ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದರು, ನಾನು ಓಡಿಹೋಗಿ ಅವಳ ತಲೆಯ ಕಡೆ ಹಿಡಿದೆ. ಹೊರುವುದಕ್ಕೆ ಬಿಳಿಯ ಅಡ್ಡಿ ಇಲ್ಲವಲ್ಲ. ಟೆಂಪೋಗೆ ಏರಿಸುವಾಗ ಅವಳು ಕಣ್ಣು ಬಿಟ್ಟಳು. ತಲೆಕೆಳಗಾಗಿ ಕಂಡ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಉಪ್ಪು ಜಾಸ್ತಿ ಆಗಿತ್ತೇನಪ್ಪ?" ಎಂದಳು.

"ಇಲ್ಲ ಕಣವ್ವ" ಎಂದೆ. "ಸರಿಯಾಗಿತ್ತು."

"ಜಾಸ್ತಿ ಆಗಿತ್ತು. ಅವಸರದಲ್ಲಿ ಎರಡ್ಸಲ ಹಾಕ್ಬಿಟ್ಟಿದ್ದೆ" ಎಂದು ಕಣ್ಣು ಮುಚ್ಚಿದಳು.

ತಿಪ್ಪೇಶನೂ ಅವನ ಹೊಸ ಹೆಂಡತಿಯೂ ಹತ್ತಿ ಕೂತರು. ಟೆಂಪೋ ಅಲುಗಾಡದ ಹಾಗೆ ಮೆಲ್ಲಗೆ ಹೊರಟಿತು. ದಾರಿಯುದ್ದಕ್ಕೂ ಜನ ರಾಶಿಯ ಕಡೆಗೆ ಸರಿದು ನಿಂತು ಬಿಟ್ಟುಕೊಟ್ಟರು. ತಿರುಮಕ್ಕ ಸೀಟಿನಿಂದ ಇಳಿದಿರಲಿಲ್ಲ. ಕೈ ಬಿಟ್ಟರೆ ಎಲ್ಲಿ ಓಡುತ್ತದೋ ಎಂದು ಆಫ್ ಆದ ಟ್ರ್ಯಾಕ್ಟರಿನ ಸ್ಟೇರಿಂಗನ್ನು ಹಿಡಿದುಕೊಂಡೇ ಕೂತಿದ್ದಳು.

ಸಣ್ಣೀರಪ್ಪ ನನ್ನ ಹತ್ತಿರ ಬಂದ. ಬೈಯಲಿಲ್ಲ. ಕೂಗಲೂ ಇಲ್ಲ. ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಅಟ್ಟದ ಕಿಟಕಿಯಿಂದ ರೋಡು ಕಾಣ್ತೈತಪ್ಪ. ಬುಧವಾರದಿಂದ ಅವಳು ಹತ್ತೋದು, ಇಳಿಯೋದು. ನಿನ್ನ ಟ್ರ್ಯಾಕ್ಟರ್ ಸದ್ದು ಕೇಳಿದ್ರೆ ಸಾಕು, ಹತ್ತೋಳು. ಇವತ್ತು ಸದ್ದು ಕೇಳೋಕೂ ಮುಂಚೇನೇ ಹತ್ತಿದ್ಲು. ಯಾಕೆ ಅಂದ್ರೆ ಪೂರ್ತಿ ಹೇಳ್ತಿರ್ಲಿಲ್ಲ. ಅವನು ಬಂದ್ರೆ ಗೇಟಿಗೆ ನಾನೇ ಮೊದ್ಲು ಹೋಗ್ಬೇಕು, ಜನ ಸೇರೋಕೆ ಮುಂಚೆ ಅವನ ಕಿವೀಲಿ ಒಂದು ಮಾತು ಹಾಕ್ಬೇಕು, ಜನದ ಮುಂದೆ ಅವನ ಮರ್ವಾದೆ ಇನ್ನೊಂದ್ಸಲ ಹೋಗ್ಬಾರ್ದು ಅಂತಿದ್ಲು. ಏನು ಮಾತೋ, ನಂಗೆ ಇವತ್ತು ಗೊತ್ತಾಯ್ತು. ನಾನು ಕೆಟ್ಟೋನು. ನನ್ನ ಮೇಲೆ ಏನು ಸಿಟ್ಟು ಮಾಡಿದ್ರೂ ಸರಿ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೂರು ದಿನ ಯಾಕಪ್ಪ ಬರ್ಲಿಲ್ಲ?"

ನನ್ನ ಹತ್ತಿರ ಉತ್ತರ ಇತ್ತು. ಬಂದಿದ್ದರೂ ಆಗುತ್ತಿರಲಿಲ್ಲವಲ್ಲ, ಬುಧವಾರವೇ ಬಂದಿದ್ದರೂ ಬಿಳಿ ಹಿಂದೆಯೇ ತುಂಬಿಕೊಳ್ಳುತ್ತಿತ್ತಲ್ಲ ಎಂದು ಹೇಳಬಹುದಿತ್ತು. ಸುಳ್ಳೇನಲ್ಲ. ಆದರೆ ಬುಧವಾರ ನಾನು ಬಂದಿದ್ದರೆ, ನನ್ನ ಹಿಂದೆ ದಾರಿ ಮುಚ್ಚಿದ್ದರೆ, ಬುಧವಾರವೇ ತಿರುಮಕ್ಕ ಆ ಸೀಟಿನ ಮೇಲೆ ಕೂರುತ್ತಿದ್ದಳು. ಅಟ್ಟ ಹತ್ತುವ ಕೆಲಸ ಯಾರಿಗೂ ಇರುತ್ತಿರಲಿಲ್ಲ. ಇದು ಅವನಿಗೂ ಗೊತ್ತಿತ್ತೋ ಏನೋ. ಅವನು ಕಾಯುತ್ತಿದ್ದ.

ನಾನು ತಲೆಯ ಮೇಲಿನ ಮಫ್ಲರನ್ನು ಸರಿಯಾಗಿ ಕಟ್ಟಿಕೊಂಡೆ. ತಿರುಮಕ್ಕನ ಕಡೆಗೂ ನೋಡದೆ, ಟ್ರ್ಯಾಕ್ಟರನ್ನು ಅಲ್ಲಿಯೇ ಬಿಟ್ಟು, ಅವಳು ತೆಗೆದ ದಾರಿಯ ನಡುವೆ ಟೆಂಪೋದ ಚಕ್ರದ ಗುರುತಿನ ಮೇಲೆ ಕಾಲಿಡುತ್ತ ರೋಡಿನ ಕಡೆಗೆ ನಡೆದೆ.